ಪಾಲುಗಾತಿಯ ಹಲ್ಲು

ನಮ್ಮೂರಿನ ಹಲ್ಲಿನ ಡಾಕ್ಟರ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದು ಎತ್ತರದ್ದು, ತಲೆ ಆನಿಸಲು ದಿಂಬಿದ್ದದ್ದು. ಅದರಲ್ಲಿ ಹಲ್ಲು ನೋಯುವವರು ಕೂರುತ್ತಿದ್ದರು. ಪಕ್ಕದ್ದು ಬೆತ್ತದ ಮೋಟು ಕುರ್ಚಿ. ಅದರಲ್ಲಿ ಅವರ ಕೈ ಹಿಡಿದುಕೊಂಡು ಇನ್ನೊಬ್ಬರು ಕೂರಬೇಕು. ಡಾಕ್ಟರು ಇಕ್ಕಳ ಹಾಕಿ ಎಳೆದಾಗ ನೋವು ಇಬ್ಬರಿಗೂ ಅರ್ಧರ್ಧ ಹಂಚಿಹೋಗುತ್ತಿತ್ತು. ಎರಡನೇ ಕುರ್ಚಿ ಖಾಲಿಯಿದ್ದರೆ ಡಾಕ್ಟರು ಇಕ್ಕಳ ಮುಟ್ಟುತ್ತಲೇ ಇರಲಿಲ್ಲ. ಬೇರೆ ಊರುಗಳಲ್ಲಿ ಇಂಜೆಕ್ಷನ್ ಕೊಟ್ಟು ಕೀಳುತ್ತಾರಂತೆ. ನಮ್ಮೂರಿನಲ್ಲಿ ಹುಟ್ಟಿದವರಿಗೆ ಇಂಜೆಕ್ಷನ್ ಹತ್ತುವುದಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ.

ಗಂಡನ ಹಲ್ಲಿಗೆ ಹೆಂಡತಿ ಕೂರುತ್ತಿದ್ದಳು, ಮಗಳ ಹಲ್ಲಿಗೆ ತಾಯಿ, ಅಣ್ಣನ ಹಲ್ಲಿಗೆ ತಮ್ಮ. ಮದುವೆಯ ಮಾತುಕತೆಯಲ್ಲಿ ಹುಡುಗ ಯಾರ ಪಕ್ಕ ಕೂತಿದ್ದಾನೆ ಎಂದು ಕೇಳುವುದಿತ್ತು. ಅವ್ವನ ಒಂದು ದವಡೆ ಹಲ್ಲಿಗಾದರೂ ಕೂತವನಿಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಆದರೆ ಎಲ್ಲರಿಗೂ ಯಾರಾದರೂ ಇದ್ದೇ ಇರುತ್ತಾರೆಯೇ? ಇದ್ದರೂ ಅಂದೇ ಅವರಿಗೆ ತಲೆನೋವು ಬರುತ್ತದೆ, ಅಂದೇ ಸಂತೆಗೆ ಹೋಗುವುದಿರುತ್ತದೆ. ಅಂಥವರಿಗಾಗಿ ಇದ್ದವಳು ನಾನು, ದೇವೀರಮ್ಮ, ಈ ಊರಿನ ಪಾಲುಗಾತಿ. ಕೂಲಿಗೆ ನೋವಿನ ಪಾಲು ತೆಗೆದುಕೊಳ್ಳುವವಳು. ಮೊದಲು ನಾವು ನಾಲ್ವರಿದ್ದೆವು. ಇಪ್ಪತ್ತನೇ ವಯಸ್ಸಿಗೆ ಆ ಬೆತ್ತದ ಕುರ್ಚಿಯಲ್ಲಿ ಕೂತವಳು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಅದರಲ್ಲೇ ಕೂತಿದ್ದೆ.

ಕೂಲಿಯನ್ನು ನಾನು ಬಾಯಿ ಬಿಟ್ಟು ಕೇಳಿದವಳಲ್ಲ. ನಾನು ಹೋಗುವ ಹೊತ್ತಿಗೆ ಕುರ್ಚಿಯ ಮೇಲೆ ಒಂದು ತೆಂಗಿನಕಾಯಿ, ಅದರಡಿ ಮಡಿಚಿದ ನೋಟು ಇರುತ್ತಿತ್ತು. ಎತ್ತಿ ಚೀಲಕ್ಕೆ ಹಾಕಿಕೊಂಡು, ಕೂತು, ಕೈ ಚಾಚುತ್ತಿದ್ದೆ. ಆ ಕಡೆಯಿಂದ ಬರುವ ಕೈಗಳಿಗೆ ಜೀವವೇ ಇರುತ್ತಿರಲಿಲ್ಲ. ಬಾಡಿದ ಸೊಪ್ಪಿನ ಹಾಗೆ ನನ್ನ ಅಂಗೈಯಲ್ಲಿ ಬಿದ್ದಿರುತ್ತಿದ್ದವು. ಪಾಪ, ಹೆದರಿಕೆಗೆ ಕೈಕಾಲು ಸೋತುಹೋಗಿವೆ ಎಂದುಕೊಂಡು ನಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಡಾಕ್ಟರು ಎಳೆದಾಗ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಪಾಲುಗಾತಿ ಕೂಗಬಾರದು. ಕೂಗಿದರೆ ಕೀಳಿಸಿಕೊಳ್ಳುವವರ ಧೈರ್ಯ ಹೋಗುತ್ತದೆ. ನಾನು ಹಲ್ಲು ಕಚ್ಚಿ ಕೂತಿರುತ್ತಿದ್ದೆ. ಮುಗಿದ ಮೇಲೆ ಅವರು ಹತ್ತಿ ಕಚ್ಚಿಕೊಂಡು ಮುಂಬಾಗಿಲಿನಿಂದ ಹೋಗುತ್ತಿದ್ದರು, ನಾನು ಹಿತ್ತಿಲ ಬಾಗಿಲಿನಿಂದ.

ಪಾಲು ತೆಗೆದುಕೊಂಡವಳನ್ನು ಆಮೇಲೆ ಮಾತಾಡಿಸಬಾರದು ಎಂಬುದು ನಮ್ಮೂರಿನ ನಡವಳಿಕೆ. ಮಾತಾಡಿಸಿದರೆ ಹೋದ ನೋವಿಗೆ ಮನೆಯ ದಾರಿ ನೆನಪಾಗುತ್ತದಂತೆ. ಹಾಗಾಗಿ ಒಂದು ಹಲ್ಲಿಗೆ ಒಬ್ಬರಂತೆ ಊರು ನನ್ನಿಂದ ಮುಖ ತಿರುಗಿಸಿತು. ಎದುರಿಗೆ ಸಿಕ್ಕರೆ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದರು. ಅಂಗಡಿಯಲ್ಲಿ ನಾನು ಕೇಳುವ ಮೊದಲೇ ಸಾಮಾನು ಕಟ್ಟಿ ಬೇರೆ ಕಡೆ ನೋಡುತ್ತ ಕೊಡುತ್ತಿದ್ದರು. ಮದುವೆಗಳಿಗೆ ನನಗೆ ಕರೆಯೋಲೆ ಬರುತ್ತಿರಲಿಲ್ಲ, ಮಾರನೆಯ ದಿನ ಜಗಲಿಯ ಮೇಲೆ ಹೋಳಿಗೆಯ ಪೊಟ್ಟಣ ಇರುತ್ತಿತ್ತು. ಊರಿನವರ ಮುಖಗಳಿಗಿಂತ ಅವರ ಬಾಯಿಗಳು ನನಗೆ ಚೆನ್ನಾಗಿ ಗೊತ್ತು ಎಂದು ನಾನೇ ನನಗೆ ತಮಾಷೆ ಮಾಡಿಕೊಳ್ಳುತ್ತಿದ್ದೆ. ತಮಾಷೆಗೆ ನಗಲು ಇನ್ನೊಬ್ಬರು ಬೇಕು ಎಂಬುದು ಆಮೇಲೆ ಗೊತ್ತಾಯಿತು.

ಎಲ್ಲರದೂ ಒಂದು, ಲೋಲಾಕ್ಷಿಯದು ಒಂದು. ಅವಳು ಎದುರು ಮನೆಯವಳು, ನನ್ನ ಓರಿಗೆಯವಳು. ಒಂದೇ ಸೀಬೆಮರ ಹತ್ತಿ ಬೆಳೆದವರು ನಾವು. ನಾನು ಮದುವೆಯಾಗಲಿಲ್ಲ, ಪಾಲುಗಾತಿಯನ್ನು ಯಾರು ಕೇಳುತ್ತಾರೆ? ಅವಳಿಗೆ ಲಾರಿ ಓಡಿಸುವ ಗಂಡ ಸಿಕ್ಕ. ಅವನು ತಿಂಗಳಿಗೆ ಒಮ್ಮೆ ಬರುತ್ತಿದ್ದ. ಹೆರಿಗೆಯಾದ ವರ್ಷ ಅವಳ ಐದು ಹಲ್ಲು ಕೆಟ್ಟವು. ಅತ್ತೆ ಕೂರುವುದಿಲ್ಲ ಎಂದಳು. ನಾನೇ ಕೂತೆ. ಮೊದಲನೆಯದು ಯಾಕೋ ಅಷ್ಟಾಗಿ ನೋಯಲಿಲ್ಲ, ಸಡಿಲ ಹಲ್ಲಿರಬೇಕು ಎಂದುಕೊಂಡೆ. ಮೊದಲನೆಯದು ಕಿತ್ತ ಮಾರನೆಯ ದಿನ ಲೋಲಾಕ್ಷಿ ಊರಿನ ನಡವಳಿಕೆಯನ್ನು ಮೂಲೆಗೆ ಎಸೆದು ನಮ್ಮ ಮನೆಗೆ ಬಂದಿದ್ದಳು, ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಬಂದು ನನ್ನ ದವಡೆಗೆ ಶಾಖ ಕೊಟ್ಟಿದ್ದಳು. ಇಬ್ಬರೂ ಕೆನ್ನೆ ಹಿಡಿದುಕೊಂಡು ನಕ್ಕಿದ್ದೆವು. ಎರಡನೆಯದಾದ ಮೇಲೆ ಅವಳು ಬರಲಿಲ್ಲ. ಐದನೆಯದರ ಹೊತ್ತಿಗೆ ನನ್ನನ್ನು ಕಂಡರೆ ಬಾಗಿಲು ಮುಂದೆ ಮಾಡುವುದನ್ನು ಕಲಿತಿದ್ದಳು. ಮೂವತ್ತು ವರ್ಷ ಆ ಬಾಗಿಲನ್ನೇ ನೋಡಿಕೊಂಡಿದ್ದೆ.

ನೀರಿನ ವಿಚಾರ ಬಂದದ್ದು ನನಗೆ ನಲವತ್ತೈದಾದಾಗ. ಪುರಸಭೆಯವರು ಸಭೆ ಕರೆದು, ಗುಡ್ಡದ ಮೇಲಿನ ಟ್ಯಾಂಕಿಗೆ ದಿನಾ ಇಷ್ಟು ಫ್ಲೋರೈಡ್ ಪುಡಿ ಬೆರೆಸಿದರೆ ಹಲ್ಲು ಹುಳುಕುವುದು ನಿಂತುಹೋಗುತ್ತದೆ, ಊರಿಗೆ ವರ್ಷಕ್ಕೆ ಎಷ್ಟೋ ದುಡ್ಡು ಉಳಿಯುತ್ತದೆ ಎಂದರು. ಹಲ್ಲುನೋವಿನಿಂದ ನೂಲಿನ ಗಿರಣಿಗೆ ರಜೆ ಹಾಕುವುದು ತಪ್ಪುತ್ತದೆ, ಪುಡಿಗೆ ಒಂದು ರೂಪಾಯಿ ಹಾಕಿದರೆ ಡಾಕ್ಟರಿಗೆ ಕೊಡುವ ಎಷ್ಟೋ ರೂಪಾಯಿ ಮನೆಯಲ್ಲೇ ಇರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. "ಅಂಗಾದ್ರೆ ಡಾಕ್ಟ್ರ ಗತಿ ಏನು ಸ್ವಾಮಿ?" ಎಂದು ಯಾರೋ ಕೇಳಿ ಎಲ್ಲರೂ ನಕ್ಕರು. ಡಾಕ್ಟರು ಧರಣೇಂದ್ರಯ್ಯನವರೂ ನಕ್ಕರು. ಒಳ್ಳೆಯ ಮನುಷ್ಯ, ಪುಡಿ ಹಾಕಿಸಿ ಎಂದು ಮೊದಲು ಅರ್ಜಿ ಕೊಟ್ಟವರೇ ಅವರು. ನಾನು ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ನಿಂತಿದ್ದೆ. ನನ್ನ ಗತಿಯನ್ನು ಯಾರೂ ಕೇಳಲಿಲ್ಲ, ನನಗೂ ಕೇಳಬೇಕೆಂದು ಹೊಳೆಯಲಿಲ್ಲ. ನೋವು ನಿಲ್ಲುತ್ತದೆ ಎಂದರೆ ಬೇಡ ಎನ್ನಲು ನಾನೇನು ರಾಕ್ಷಸಿಯೇ?

ಪುಡಿ ತೂಗಲು ಹೊರಗಿನ ಊರಿನಿಂದ ಮುನೀರ್ ಸಾಹೇಬರು ಬಂದರು. ಟ್ಯಾಂಕಿನ ಕೆಳಗಿನ ಒಂದು ಕೋಣೆಯೇ ಅವರ ಮನೆ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಕಮ್ಮಿಯಾದರೆ ಪ್ರಯೋಜನವಿಲ್ಲ, ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ ಎಂದು ದಿನಾ ಸಾಯಂಕಾಲ ಉಸಿರು ಬಿಗಿಹಿಡಿದು ತೂಗುತ್ತಿದ್ದರಂತೆ. ನಾನು ಅವರನ್ನು ದೂರದಿಂದ ನೋಡಿದ್ದೆ, ಅಷ್ಟೆ.

ಮೊದಲ ಎರಡು ವರ್ಷ ಯಾವ ವ್ಯತ್ಯಾಸವೂ ಕಾಣಲಿಲ್ಲ. ಆಮೇಲೆ ನಿಧಾನವಾಗಿ ಊರಿನ ಅಂಗಡಿಬೀದಿಯೇ ಬದಲಾಯಿತು. ಲವಂಗದ ಎಣ್ಣೆ ಮಾರುತ್ತಿದ್ದವನು ಸೈಕಲ್ ರಿಪೇರಿ ಕಲಿತ. ಹಲ್ಲುನೋವಿನವರನ್ನೇ ನಂಬಿಕೊಂಡಿದ್ದ ಮೆತ್ತನೆಯ ಬನ್ನಿನ ಬೇಕರಿ ಮುಚ್ಚಿತು, ಅದೇ ಮಳಿಗೆಯಲ್ಲಿ ಪುಟ್ಟಮಲ್ಲಪ್ಪ ಚಿಕ್ಕಿಯ ಅಂಗಡಿ ತೆಗೆದ. ಊರಿಗೆ ಊರೇ ಕಟಕಟ ಎಂದು ಚಿಕ್ಕಿ ಕಡಿಯತೊಡಗಿತು. ದಿನಾ ಬರುತ್ತಿದ್ದ ಡಾಕ್ಟರು ವಾರಕ್ಕೊಮ್ಮೆ, ಆಮೇಲೆ ತಿಂಗಳ ಮೊದಲ ಗುರುವಾರ ಮಾತ್ರ ಬರತೊಡಗಿದರು. ನನ್ನ ಜೊತೆಯ ಮೂವರು ಪಾಲುಗಾತಿಯರಲ್ಲಿ ಒಬ್ಬಳು ಸತ್ತಳು, ಇಬ್ಬರು ಊರು ಬಿಟ್ಟರು. ಮದುವೆಯ ಮಾತುಕತೆಯಲ್ಲಿ ಈಗ ಹುಡುಗ ಎಷ್ಟು ಓದಿದ್ದಾನೆ ಎಂದು ಕೇಳುತ್ತಾರೆ. ಹಲ್ಲುನೋವೆಂದರೆ ಏನೆಂದೇ ಗೊತ್ತಿಲ್ಲದ ಮಕ್ಕಳು ಹುಟ್ಟಿ ಬೆಳೆದವು. ಒಳ್ಳೆಯದಾಯಿತು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ನಿಜಕ್ಕೂ ಒಳ್ಳೆಯದಾಯಿತು.

ಹತ್ತನೇ ವರ್ಷ ಒಬ್ಬ ಅಧಿಕಾರಿ ಬಂದು ಮನೆಮನೆಗೆ ಹೋಗಿ, ನೀರಿನಿಂದ ನಿಮಗೆ ಏನು ಉಳಿಯಿತು ಎಂದು ಬರೆದುಕೊಂಡ. ಡಾಕ್ಟರ ಫೀಸು, ಮಾತ್ರೆ, ಬಸ್ಸಿನ ಚಾರ್ಜು, ತಪ್ಪಿದ ಕೂಲಿ ಎಲ್ಲ ಕೇಳಿದ. ಪಾಲುಗಾತಿಯ ತೆಂಗಿನಕಾಯಿಯನ್ನು ಯಾರೂ ಹೇಳಲಿಲ್ಲ. ನನ್ನ ಮನೆಗೂ ಬರುತ್ತಾನೆಂದು ಸೀರೆ ಬದಲಾಯಿಸಿಕೊಂಡು ಕೂತಿದ್ದೆ. ಬಂದ. "ಹಲ್ಲುನೋವಿನಿಂದ ವರ್ಷಕ್ಕೆ ಎಷ್ಟು ದಿನದ ಕೆಲಸ ತಪ್ತಿತ್ತಮ್ಮಾ?" ಎಂದು ಕೇಳಿದ. "ಹಲ್ಲುನೋವಿದ್ದ ದಿನವೇ ಕೆಲಸ ಸ್ವಾಮಿ, ಇಲ್ಲದ ದಿನ ರಜಾ" ಎಂದೆ. ಅವನು ಪೆನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿ ಸೊನ್ನೆ ಬರೆದುಕೊಂಡು ಹೋದ.

ಹೊಟ್ಟೆಪಾಡಿಗೆ ನಾನು ಪುಟ್ಟಮಲ್ಲಪ್ಪನ ಚಿಕ್ಕಿಗೆ ಕಡಲೆಕಾಯಿ ಸುಲಿಯುತ್ತೇನೆ. ಅಂಗಡಿಗೆ ಹೋಗಿ ಸುಲಿಯುವುದಲ್ಲ. ಗಾಡಿಯವನು ಮೂಟೆಯನ್ನು ಜಗಲಿಯ ಮೇಲೆ ಇಳಿಸಿ ಹೋಗುತ್ತಾನೆ, ವಾರಕ್ಕೊಮ್ಮೆ ಬೀಜ ಎತ್ತಿಕೊಂಡು ಹೋಗುತ್ತಾನೆ. ಪುಟ್ಟಮಲ್ಲಪ್ಪನ ಎರಡು ದವಡೆ ಹಲ್ಲಿಗೆ ಕೂತವಳು ನಾನು. ಕೆಲಸ ಇದ್ದಾಗ ಊರಿನವರು ಮಾತಾಡಿಸದಿದ್ದರೂ ಕೈಯನ್ನಾದರೂ ಕೊಡುತ್ತಿದ್ದರು. ಅದು ನಿಂತ ಮೇಲೆ ವರ್ಷಗಟ್ಟಲೆ ಇನ್ನೊಂದು ಜೀವದ ಚರ್ಮ ನನಗೆ ತಾಕಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಮೈಗೆ ಒರಗಿ ಕೂತರೆ ಇಳಿಯುವ ಜಾಗ ಬಂದರೂ ಏಳಲು ಮನಸ್ಸಾಗುತ್ತಿರಲಿಲ್ಲ.

ಹೀಗಿರುವಾಗ, ಅರವತ್ತು ತುಂಬಿದ ಮೇಲೆ, ಜೀವಮಾನದಲ್ಲಿ ಮೊದಲ ಸಲ ನನ್ನ ಹಲ್ಲು ನೋಯಿತು. ಕೆಳಗಿನ ಎಡದವಡೆ. ಮೊದಮೊದಲು ತಣ್ಣೀರಿಗೆ ಜುಮ್ಮೆನ್ನುತ್ತಿದ್ದದ್ದು ಆಮೇಲೆ ಕಿವಿಯವರೆಗೂ ಹೊಡೆಯತೊಡಗಿತು. ಅನ್ನ ಇಳಿಯುತ್ತಿರಲಿಲ್ಲ. ಮೊದಲ ಗುರುವಾರ ಡಾಕ್ಟರ ಹತ್ತಿರ ಹೋದೆ. ಪುಟ್ಟ ಕನ್ನಡಿ ಹಿಡಿದು ನೋಡಿದರು. "ಹುಳುಕು ಒಂದು ಚೂರೂ ಇಲ್ಲ ದೇವೀರಮ್ಮ. ಹಲ್ಲು ಎರಡು ಸೀಳಾಗಿದೆ. ಕಚ್ಚಿ ಕಚ್ಚಿ ಹೀಗಾಗಿದೆ. ಇದನ್ನ ನೀರು ತಡೆಯೋದಿಲ್ಲ. ಕೀಳಲೇಬೇಕು, ಬಿಟ್ಟರೆ ಕೀವು ದವಡೆಗೆ ಇಳಿಯುತ್ತೆ." ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಇನ್ನೊಂದು ಮಾತು ಹೇಳಿದರು. "ನಾನು ಬರೋದು ಇನ್ನೊಂದೇ ಸಲ. ಮುಂದಿನ ಗುರುವಾರ ಸಾಮಾನು ತಗೊಂಡು ಹೋಗೋಕೆ ಬರ್ತೀನಿ. ನನಗೂ ವಯಸ್ಸಾಯ್ತು. ಅಷ್ಟರೊಳಗೆ ಯಾರನ್ನಾದರೂ ಕರ್ಕೊಂಡು ಬಾ. ಎರಡನೇ ಕುರ್ಚಿಗೆ."

ಯಾರನ್ನಾದರೂ. ಊರಿನಲ್ಲಿ ಎಂಟು ಸಾವಿರ ಜನ. ಅವರಲ್ಲಿ ಮುಕ್ಕಾಲು ಪಾಲು ಹಳಬರ ನೋವು ನನ್ನ ಮೈಮೇಲಿಂದ ಹಾದುಹೋಗಿದೆ. ಒಬ್ಬರು ಸಿಗುವುದಿಲ್ಲವೇ ಎಂದು ಧೈರ್ಯವಾಗಿಯೇ ಹೊರಟೆ.

ಮೊದಲು ಚಿಕ್ಕಿ ಅಂಗಡಿಗೆ ಹೋದೆ. ಪುಟ್ಟಮಲ್ಲಪ್ಪ ನನ್ನನ್ನು ಕಂಡು ಗಲ್ಲಾಪೆಟ್ಟಿಗೆಯ ಹಿಂದೆ ಎದ್ದು ನಿಂತ. ನಾನು ಕೆನ್ನೆ ಹಿಡಿದುಕೊಂಡೇ ವಿಷಯ ಹೇಳಿದೆ. ಅವನು ನನ್ನ ಮುಖ ನೋಡದೆ, ಕಾಲು ಕಿಲೋ ಚಿಕ್ಕಿ ಕಟ್ಟಿ ಮುಂದಿಟ್ಟು, ಆ ಪೊಟ್ಟಣದ ಜೊತೆ ಮಾತಾಡಿದ. "ನನಗೆ ಶುಗರ್ ಐತೆ ಕಣಮ್ಮ. ಡಾಕ್ಟ್ರು ಯಾವ ನೋವೂ ಮಾಡ್ಕೋಬೇಡ ಅಂದವ್ರೆ. ಇದ ತಗೊಂಡೋಗು, ದುಡ್ಡು ಬ್ಯಾಡ." ಸೀಳಿದ ಹಲ್ಲಿನವಳಿಗೆ ಕಲ್ಲಿನಂಥ ಚಿಕ್ಕಿ ಕೊಟ್ಟು ಕಳಿಸಿದ ಪುಣ್ಯಾತ್ಮ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಗಿರಣಿಯ ಹಳೆಯ ಮೇಸ್ತ್ರಿಯ ಮನೆಯಲ್ಲಿ ಸೊಸೆ ಬಾಗಿಲು ತೆರೆದು, ಮಾವ ಮಲಗಿದ್ದಾರೆ ಎಂದಳು. ಅವರು ಒಳಗೆ ಕೆಮ್ಮುತ್ತಿರುವುದು ಕೇಳಿಸುತ್ತಿತ್ತು. ಆ ಸೊಸೆಯನ್ನೇ ಕೇಳಿದೆ. ಅವಳು ನೀರು ಬಂದ ಮೇಲೆ ಬೆಳೆದ ಹುಡುಗಿ. "ಹಲ್ಲು ನೋಯೋದು ಅಂದ್ರೆ ಹೆಂಗಿರುತ್ತೆ ಅಮ್ಮಾ?" ಎಂದು ಕಣ್ಣರಳಿಸಿ ಕೇಳಿದಳು. ಹೇಳಿದೆ. ಪೂರ್ತಿ ಹೇಳುವ ಮೊದಲೇ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳದೇನು ತಪ್ಪು? ಹೀಗೆ ಐದು ದಿನದಲ್ಲಿ ಹನ್ನೊಂದು ಮನೆ ಹತ್ತಿ ಇಳಿದೆ. ಬಿಪಿ ಇತ್ತು, ನೆಂಟರು ಬರುವವರಿದ್ದರು, ಮಂಡಿನೋವಿತ್ತು. ಎಲ್ಲರೂ ಮರ್ಯಾದೆಯಾಗಿಯೇ ಮಾತಾಡಿದರು, ಒಬ್ಬರೂ ಮುಖ ಎತ್ತಲಿಲ್ಲ.

ಎದುರು ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಎಲ್ಲಿ ಇಲ್ಲ ಎನ್ನಿಸಿಕೊಂಡರೂ ತಡೆದೇನು, ಅಲ್ಲಿ ಎನ್ನಿಸಿಕೊಂಡರೆ ತಡೆಯಲಾರೆ ಎನಿಸಿತ್ತು. ಮಂಗಳವಾರ ಸಾಯಂಕಾಲ ಬೀದಿ ದಾಟಿ ಬಾಗಿಲು ಬಡಿದೆ. ಬಾಗಿಲು ತೆರೆಯಲಿಲ್ಲ. ಕಿಟಕಿಯ ಒಂದು ರೆಕ್ಕೆ ಅರ್ಧ ತೆರೆಯಿತು. "ಲೋಲಾಕ್ಷಿ, ನಾನು ಕಣೇ. ಹಲ್ಲು ಕೀಳಿಸ್ಬೇಕು. ಗುರುವಾರ. ಬತ್ತೀಯಾ?" ಎಂದೆ. ಒಳಗೆ ಬಳೆ ಅಲುಗಿದ ಸದ್ದಾಯಿತು. "ನನ್ನ ಕೈಲಾಗದಿಲ್ಲ ದೇವಿ" ಎಂದಿತು ದನಿ. ಮೂವತ್ತು ವರ್ಷದ ಮೇಲೆ ಅವಳ ಬಾಯಲ್ಲಿ ನನ್ನ ಹೆಸರು. ಅದನ್ನು ಕೇಳಿ ಸಂತೋಷವೂ ಆಯಿತಲ್ಲ, ಅದಕ್ಕೆ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಕಿಟಕಿ ಮುಚ್ಚಿತು. ಮನೆಗೆ ಬಂದು ಬೀಜದ ಮೂಟೆಗೆ ಒರಗಿ ಕೂತು ಅತ್ತೆ. ನೋವಿಗಲ್ಲ. ನನಗೆ ಯಾರೂ ಇಲ್ಲ ಎಂಬುದು ಅಲ್ಲಿಯವರೆಗೆ ಅನುಮಾನವಾಗಿತ್ತು, ಅಂದು ಖಾತ್ರಿಯಾಯಿತು.

ಬುಧವಾರ ಮಧ್ಯಾಹ್ನ ಜಗಲಿಯ ಮೇಲೆ ಚಪ್ಪಲಿಯ ಸದ್ದು. ನೋಡಿದರೆ ಮುನೀರ್ ಸಾಹೇಬರು, ಕೈಯಲ್ಲಿ ಪುಟ್ಟ ಸೀಸೆ. "ಅಮ್ಮಾ, ನಿಮಗೆ ಹಲ್ಲುನೋವು ಅಂತ ಅಂಗಡೀಲಿ ಕೇಳ್ದೆ. ಯಾವ ನಲ್ಲಿ ನೀರು ಕುಡೀತೀರಿ? ಒಂದು ಸೀಸೆ ಹಿಡ್ಕೋಬಹುದಾ?" ಮುಖ ಬಿಳಿಚಿಹೋಗಿತ್ತು. ಇದು ಹುಳುಕಲ್ಲ, ಸೀಳಿದ್ದು ಎಂದೆ. ಅವರು ಧೊಪ್ಪನೆ ಜಗಲಿಯ ಮೇಲೆ ಕೂತರು. "ಬೇಜಾರು ಮಾಡ್ಕೋಬೇಡಿ. ನನ್ನ ಅಳತೆ ಎಲ್ಲೋ ತಪ್ಪೋಯ್ತು ಅಂದ್ಕೊಂಡು ಎರಡು ದಿನದಿಂದ ಊಟ ಸೇರ್ತಿಲ್ಲ."

"ನಿಮ್ಮ ಅಳತೆ ತಪ್ಪಿದ್ರೆ ನನ್ನ ಹೊಟ್ಟೆ ತುಂಬ್ತಿತ್ತು ಸಾಹೇಬ್ರೆ" ಎಂದುಬಿಟ್ಟೆ. ನೋವಿನ ಸಿಟ್ಟು.

ಅವರಿಗೆ ಅರ್ಥವಾಗಲಿಲ್ಲ. ಹದಿನೈದು ವರ್ಷ ಇದೇ ಊರಿನಲ್ಲಿದ್ದರೂ ಎರಡನೇ ಕುರ್ಚಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ವಿಷಯವೂ ಅಲ್ಲ ಅದು, ಮನೆಯೊಳಗಿನದು. ನಾನು ಹೇಳಿದೆ. ಮೊದಲಿನಿಂದ ಹೇಳಿದೆ. ಕೆನ್ನೆ ಒತ್ತಿ ಹಿಡಿದುಕೊಂಡು, ತೊದಲುತ್ತ, ನಾಲ್ವರು ಪಾಲುಗಾತಿಯರಿಂದ ಹಿಡಿದು ಹನ್ನೊಂದು ಮನೆಗಳವರೆಗೆ. ಅವರು ಸೀಸೆಯನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತ ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ.

"ನಾಳೆ ಎಷ್ಟು ಗಂಟೆಗೆ?"

"ಯಾಕೆ?"

"ಆ ಕುರ್ಚಿಗೆ ಬರಬೇಕಲ್ಲಾ."

"ತುಂಬಾ ನೋಯುತ್ತೆ ಸಾಹೇಬ್ರೆ."

"ಅರ್ಧ ತಾನೆ?" ಎಂದರು.

ಗುರುವಾರ ಹನ್ನೊಂದು ಗಂಟೆಗೆ ನಾವಿಬ್ಬರೂ ಹೋದಾಗ ಡಾಕ್ಟರ ಕೋಣೆಯಲ್ಲಿ ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಡಾಕ್ಟರು ಸಾಹೇಬರನ್ನು ನೋಡಿ ಅನುಮಾನಿಸಿದರು. "ಹೊರಗಿನವರ ಕೈಗೆ ನೋವು ಹರಿಯುತ್ತೋ ಇಲ್ಲವೋ" ಎಂದರು. "ಹದಿನೈದು ವರ್ಷದಿಂದ ಇಲ್ಲೇ ಇದೀನಲ್ಲ ಸರ್, ಇನ್ನೂ ಹೊರಗಿನವನಾ?" ಎಂದರು ಸಾಹೇಬರು. ಬೆತ್ತದ ಕುರ್ಚಿಯ ಮೇಲೆ ನಾನು ಒಂದು ತೆಂಗಿನಕಾಯಿ ಇಟ್ಟಿದ್ದೆ, ಅವರು ಅದನ್ನು ನೆಲಕ್ಕಿಟ್ಟು ಕೂತರು. ನಾನು ಎತ್ತರದ ಕುರ್ಚಿ ಹತ್ತಿದೆ. ಅಲ್ಲಿಂದ ಆ ಕೋಣೆಯೇ ಬೇರೆಯಾಗಿ ಕಂಡಿತು. ಅವರು ಕೈ ಚಾಚಿದರು. ನಾನು ಅಭ್ಯಾಸಬಲದಿಂದ ಬಿಗಿಯಾಗಿ ಹಿಡಿದೆ. ಅವರೂ ಹೆದರಿದವರಂತೆ ಬಿಗಿಯಾಗಿ ಹಿಡಿದರು. ಬೆಚ್ಚಗಿನ, ಒರಟಾದ ಕೈ. ಎಷ್ಟೋ ವರ್ಷದ ಮೇಲೆ ನನಗೆ ತಾಕಿದ ಕೈ.

ಡಾಕ್ಟರು ಇಕ್ಕಳ ಹಾಕಿ ಅಲುಗಿಸಿ ಎಳೆದರು. ನೋವು ಬಂತು. ನಾನು ಕಣ್ಣು ಮುಚ್ಚಿ ಕಾದೆ, ಮುಂದಿನದಕ್ಕೆ. ಇಪ್ಪತ್ತೈದು ವರ್ಷ ನನಗೆ ಗೊತ್ತಿದ್ದ ಆ ನೋವಿಗೆ, ಕಣ್ಣು ಕತ್ತಲೆ ಬರುವ ಅದಕ್ಕೆ. ಅದು ಬರಲಿಲ್ಲ. ಬಂದಷ್ಟೇ ಬಂದು ನಿಂತುಬಿಟ್ಟಿತು. ಪಕ್ಕದ ಕುರ್ಚಿಯಲ್ಲಿ ಸಾಹೇಬರು "ಯಾ ಅಲ್ಲಾ" ಎಂದು ಕೂಗಿ ಬಗ್ಗಿಹೋದರು, ಆದರೂ ಕೈ ಬಿಡಲಿಲ್ಲ. ಬೋಗುಣಿಯಲ್ಲಿ ಹಲ್ಲು ಟಣ್ಣೆಂದಿತು. ಇಷ್ಟೇನಾ ಎಂದುಕೊಂಡೆ. ಅವರು ಹಣೆಯ ಬೆವರು ಒರೆಸಿಕೊಂಡು, ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತ ಕೇಳಿದರು. "ಇದು ಅರ್ಧ ಆದ್ರೆ ಪೂರ್ತಿ ಹೆಂಗಿರುತ್ತೆ ಅಮ್ಮಾ?"

ನನ್ನ ಬಾಯಲ್ಲಿ ಹತ್ತಿಯಿತ್ತು.  ಪೂರ್ತಿ ಹೇಗಿರುತ್ತದೆಂದು ನನಗೆ ಗೊತ್ತಿತ್ತು, ಗೊತ್ತಿದೆ ಎಂಬುದು ಆ ಗಳಿಗೆಯಲ್ಲಿ ಗೊತ್ತಾಯಿತು. ಇಷ್ಟು ವರ್ಷ ಅರ್ಧ ಎಂದುಕೊಂಡು ತಿಂದದ್ದೆಲ್ಲ ಪೂರ್ತಿ. ಡಾಕ್ಟರ ಕಡೆ ತಿರುಗಿದೆ. ಅವರು ನಮಗೆ ಬೆನ್ನು ಮಾಡಿ ಇಕ್ಕಳ ತೊಳೆಯುತ್ತಿದ್ದರು. ಒಂದು ಸಲ ತೊಳೆದು, ಮತ್ತೆ ತೊಳೆದರು. ನಾನು ಹತ್ತಿ ತೆಗೆದು, "ಡಾಕ್ಟ್ರೇ, ಇದು ನಿಮಗೆ ಗೊತ್ತಿತ್ತಾ?" ಎಂದೆ.

ಅವರು ನನ್ನ ಕಡೆ ತಿರುಗದೆಯೇ ಹೇಳಿದರು. "ಎರಡು ಕಡೆಯಿಂದಲೂ ಬಿಗಿ ಹಿಡಿದರೇನೇ ಅರ್ಧರ್ಧ ದೇವೀರಮ್ಮ. ಒಬ್ಬರು ಕೈ ಸಡಿಲ ಬಿಟ್ಟರೆ ಎಲ್ಲಾ ಇನ್ನೊಬ್ಬರಿಗೇ. ಮನೆಯವರು ಕೂತರೆ ಬಿಗಿ ಹಿಡಿ, ಪಾಲುಗಾತಿ ಕೂತರೆ ಬಿಟ್ಟುಬಿಡು ಅಂತ ಇಲ್ಲಿ ಅಜ್ಜಿಯರು ಮಕ್ಕಳಿಗೆ ಹೇಳಿಕೊಡ್ತಾರೆ. ನಿನಗೆ ಹೇಳೋಕೆ ಅಜ್ಜಿ ಇರಲಿಲ್ಲ, ಅವ್ವ ಇರಲಿಲ್ಲ. ಕೀಳಿಸಿಕೊಳ್ಳೋರ ಮುಖ ನನಗೆ ಕಾಣಿಸ್ತಿತ್ತು. ಹಲ್ಲು ಕೀಳುವಾಗ ಅವರು ನಿದ್ದೆ ಮಾಡೋರ ಹಾಗೆ ಇರ್ತಿದ್ದರು." ಇಕ್ಕಳವನ್ನು ಬಟ್ಟೆಯಲ್ಲಿ ಸುತ್ತಿದರು. "ಹೇಳಿದ್ದರೆ ನೀನು ಕೂರ್ತಿರಲಿಲ್ಲ. ನೀನು ಕೂರದಿದ್ದರೆ ನಾನು ಯಾರ ಹಲ್ಲು ಕೀಳಲಿ? ಅದಕ್ಕೇ ಆ ನೀರಿನ ಅರ್ಜಿ ಕೊಟ್ಟೆ. ನನ್ನ ಕೈಲಾದದ್ದು ಅಷ್ಟೇ."

ಬೈಯಬೇಕು ಎನಿಸಿತು. ಹತ್ತಿಯನ್ನು ಮತ್ತೆ ಬಾಯಿಗಿಟ್ಟು ಕಚ್ಚಿಕೊಂಡೆ. ಊರಿನವರು ನನ್ನ ಮುಖ ನೋಡದೆ ಇದ್ದದ್ದು ನೋವು ತಿರುಗಿ ಬರುತ್ತದೆಂಬ ಹೆದರಿಕೆಗಲ್ಲ. ನಾಚಿಕೆಗೆ. ಚಪ್ಪಲಿಯ ಉಂಗುಟ ಸರಿಮಾಡಿಕೊಂಡವರು, ಪೊಟ್ಟಣದ ಜೊತೆ ಮಾತಾಡಿದವನು, ಎಲ್ಲರಿಗೂ ಗೊತ್ತಿತ್ತು. ಇಡೀ ಊರಿಗೆ ಗೊತ್ತಿದ್ದ ವಿಷಯ ಗೊತ್ತಿಲ್ಲದವಳು ನಾನೊಬ್ಬಳೇ. ಅಂಥ ಒಂಟಿತನ ನನಗೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ.

ನಾವಿಬ್ಬರೂ ಮುಂಬಾಗಿಲಿನಿಂದಲೇ ಹೊರಗೆ ಬಂದೆವು. ಮೂಲೆಯಲ್ಲಿ ಸಾಹೇಬರು ನಿಂತರು. ಅವರ ಎಡಕೆನ್ನೆ ನನ್ನದರಷ್ಟೇ ಊದಿತ್ತು. "ಇನ್ಮೇಲೆ ನಾನು ನಿಮ್ಮನ್ನ ಮಾತಾಡಿಸಬಾರದಾ?" ಎಂದು ಕೇಳಿದರು. "ಮಾತಾಡ್ಸಿ ಸಾಹೇಬ್ರೆ" ಎಂದೆ. ಅವರು ತಲೆಯಾಡಿಸಿ, ಪುಡಿ ತೂಗುವುದಿದೆ ಎಂದು ಗುಡ್ಡದ ಕಡೆ ಹೊರಟರು.

ನಾನು ಮನೆಗೆ ಹೋಗಲಿಲ್ಲ. ಸೀದಾ ಎದುರು ಮನೆಯ ಬಾಗಿಲಿಗೆ ಹೋಗಿ ಅಂಗೈಯಿಂದ ಬಡಿದೆ. ಈ ಸಲ ಬಾಗಿಲು ತೆರೆಯಿತು. ಬಹುಶಃ ಬಡಿತದಲ್ಲೇ ಅವಳಿಗೆ ತಿಳಿದಿರಬೇಕು. ಲೋಲಾಕ್ಷಿಗೆ ಕೂದಲೆಲ್ಲ ನರೆತಿತ್ತು. ಅಷ್ಟು ಹತ್ತಿರದಿಂದ ನೋಡದೆ ನನಗದು ಗೊತ್ತೇ ಇರಲಿಲ್ಲ. ಒಳಗೆ ಹೋಗಿ ಅವಳ ಮಣೆಯ ಮೇಲೆ ಕೂತೆ. ಅವಳು ಗೋಡೆಗೆ ಒರಗಿ ನಿಂತಳು.

"ಯಾಕೆ ಬಿಟ್ಟೆ ಕೈಯ?" ಎಂದೆ.

ಅವಳು ನಾನು ಏನು ಕೇಳುತ್ತಿದ್ದೇನೆಂದು ಕೇಳಲಿಲ್ಲ. "ಮೊದ್ಲನೇದಕ್ಕೆ ಹಿಡ್ದಿದ್ದೆ ದೇವಿ. ನನ್ನ ಮಗೀನ ಆಣೆಗೂ ಹಿಡ್ದಿದ್ದೆ. ಅತ್ತೆ ಬಿಟ್ಟುಬಿಡು ಅಂದಿದ್ರು, ಆದ್ರೂ ಬಿಗಿಯಾಗಿ ಹಿಡ್ದೆ. ನೀನಲ್ವಾ ಅಂತ."

"ಆಮೇಲೆ?"

"ಆಮೇಲೆ ಅರ್ಧ ಅಂದ್ರೆ ಎಷ್ಟು ಅಂತ ಗೊತ್ತಾಗೋಯ್ತು. ಎರಡನೇದಕ್ಕೆ ನನ್ನ ಕೈಲಾಗ್ಲಿಲ್ಲ. ಬಿಟ್ಬಿಟ್ಟೆ. ನೀನು ಹಲ್ಲು ಕಚ್ಕೊಂಡು ಕೂತಿದ್ದೆ. ನಾನು ನಿನ್ನೇ ನೋಡ್ತಿದ್ದೆ. ನನಗೆ ಏನೂ ಆಗ್ತಿರಲಿಲ್ಲ." ಅವಳ ದನಿ ಒಡೆಯಿತು. "ಅದಾದ್ಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ? ನಾಲ್ಕು ಹಲ್ಲು ದೇವಿ. ನಾಲ್ಕೂ ಪೂರ್ತಿ ನಿನಗೇ ಕೊಟ್ಟೆ. ಮೊನ್ನೆ ನೀನು ಬಂದು ಕೇಳ್ದಾಗ, ಆ ಕುರ್ಚೀಲಿ ಕೂತ್ರೆ ನಿನಗೆ ಎಲ್ಲಾ ಗೊತ್ತಾಗೋಗುತ್ತೆ ಅಂತ ಹೆದ್ರಿಕೊಂಡೆ. ನೋವಿಗಲ್ಲ."

ಹೊರಗೆ ಬೀದಿಯಲ್ಲಿ ಯಾರೋ ಚಿಕ್ಕಿ ಕಡಿಯುತ್ತ ಹೋದರು. ಸಿಟ್ಟು ಇತ್ತು, ಇಲ್ಲವೆನ್ನಲಾರೆ. ಆದರೆ ಅದು ಮೂವತ್ತು ವರ್ಷ ಮುಚ್ಚಿದ್ದ ಬಾಗಿಲಿನ ಮೇಲಿನ ಸಿಟ್ಟು, ನೋವಿನ ಮೇಲಿನದಲ್ಲ. ಅವಳು ಬಾಯಿಬಿಟ್ಟು ಕೇಳಿದ್ದರೆ ನೋವನ್ನು ಪೂರ್ತಿ ನಾನೇ ತಗೊಳ್ಳುತ್ತಿದ್ದೆನಲ್ಲ. ಬಾಗಿಲು ಮುಚ್ಚದೇ ಇದ್ದಿದ್ದರೆ ಸಾಕಿತ್ತು. ಅದನ್ನೇ ಹೇಳಿದೆ. ಅವಳು ಕುಸಿದು ನನ್ನ ಎದುರಿಗೆ ಕೂತಳು.

"ಇನ್ನೊಂದು ಯಾವ್ದಾದ್ರೂ ನೋಯ್ತಾ ಐತೇನೆ?" ಎಂದು ಇದ್ದಕ್ಕಿದ್ದಂತೆ ಕೇಳಿದಳು. ಕಣ್ಣೊರೆಸಿಕೊಂಡು, ಅವಸರವಾಗಿ. "ಡಾಕ್ಟ್ರು ನಾಲ್ಕು ಗಂಟೆ ಬಸ್ಸಿಗಲ್ವಾ ಹೋಗೋದು? ಇನ್ನೂ ಹೊತ್ತೈತೆ. ಹಿಂದಿಂದು, ಮುಂದಿಂದು, ಯಾವ್ದಾದ್ರೂ ಸರಿ. ನಾನು ಬತ್ತೀನಿ. ಬಿಗಿಯಾಗಿ ಹಿಡ್ಕೋತೀನಿ. ನೀನು ಬಿಟ್ಬಿಡು ಕೈಯ, ಎಲ್ಲಾ ನನಗೇ ಬರ್ಲಿ."

ಎರಡೂ ಕೈಗಳನ್ನು ಮುಂದೆ ಚಾಚಿದ್ದಳು. ನಾನು ನಾಲಿಗೆಯಿಂದ ಒಂದೊಂದೇ ಹಲ್ಲನ್ನು ಮುಟ್ಟಿ ನೋಡಿದೆ, ಮೇಲಿನ ಸಾಲು, ಕೆಳಗಿನ ಸಾಲು. ಒಂದಾದರೂ ನೋಯಲಿ ಎಂದು ಮನಸಾರೆ ಹಾರೈಸಿದೆ. ಹದಿನೈದು ವರ್ಷ ದಿನಾ ಅಳೆದು ತೂಗಿ ಬೆರೆಸಿದ ನೀರು ಕುಡಿದ ಹಲ್ಲುಗಳು ಒಂದೂ ಅಲುಗಲಿಲ್ಲ.

"ಇಲ್ಲ ಕಣೇ" ಎಂದೆ. "ಎಲ್ಲಾ ಗಟ್ಟಿಯಾಗವೆ."